ಹತ್ತರಿಂದ ನಾಲ್ಕರವರೆಗೆ: ಗುಮಾಸ್ತ ಲ್ಯಾಂಬನ ಬಿಡುಗಡೆ

ಕಚೇರಿಯಲ್ಲಿ ದುಡಿಯುವವರಲ್ಲಿ ಒಮ್ಮೆಯಾದರೂ 'ಇದನ್ನೆಲ್ಲ ಬಿಟ್ಟುಬಿಡೋಣ' ಎಂದುಕೊಳ್ಳದವರು ವಿರಳ. ಸೋಮವಾರ ಬೆಳಗ್ಗೆ ಬಸ್ಸಿಗಾಗಿ ಕಾದು ನಿಂತಾಗಲೋ, ರಾತ್ರಿ ಊಟಕ್ಕೆ ಕುಳಿತಾಗಲೂ ಕಡತ ಕಣ್ಣ ಮುಂದೆ ಸುಳಿದಾಗಲೋ ಈ ಯೋಚನೆ ಬರುತ್ತದೆ. ಸ್ವಂತಕ್ಕೆಂದು ದಿನಕ್ಕೆ ನಾಲ್ಕು ಗಂಟೆ ಸಿಕ್ಕಿದ್ದರೆ ಎಷ್ಟು ಓದಬಹುದಾಗಿತ್ತು, ಎಷ್ಟು ತಿರುಗಾಡಬಹುದಾಗಿತ್ತು! ಮಕ್ಕಳ ಓದು ಮುಗಿಯಲಿ, ಮನೆಯ ಸಾಲ ತೀರಲಿ, ಆಮೇಲೆ ನೋಡಿದರಾಯಿತು ಎಂದು ಸಮಾಧಾನ ಹೇಳಿಕೊಂಡು ಮತ್ತೆ ಬಸ್ಸು ಹತ್ತುತ್ತೇವೆ.

ಈ ಬಯಕೆ ನಮ್ಮ ಕಾಲದ್ದು ಮಾತ್ರವಲ್ಲ. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ಒಬ್ಬ ಗುಮಾಸ್ತನೂ ಇದನ್ನು ಹೊತ್ತು ತಿರುಗಿದ. ಒಂದು ದಿನವಲ್ಲ, ಎರಡು ದಿನವಲ್ಲ, ಮೂವತ್ತಮೂರು ವರ್ಷ. ಕೊನೆಗೆ ಅದು ಕೈಗೂಡಿತು. ಕೈಗೂಡಿದ ಮೇಲೆ ಏನಾಯಿತೆಂಬುದನ್ನೂ ಅವನು ಬರೆದಿಟ್ಟು ಹೋದ. ಅವನೇ ಚಾರ್ಲ್ಸ್ ಲ್ಯಾಂಬ್. ಇಂಗ್ಲಿಷ್ ಪ್ರಬಂಧಸಾಹಿತ್ಯದಲ್ಲಿ 'ಈಲಿಯ' ಎಂಬ ಹೆಸರಿನಿಂದ ಪ್ರಸಿದ್ಧನಾದವನು. ಕಾಲೇಜಿನ ಪಠ್ಯದಲ್ಲಿ ಅವನನ್ನು ಓದಿ ಮರೆತವರು ನಮ್ಮಲ್ಲಿ ಹಲವರಿದ್ದಾರೆ. ಪಠ್ಯದ ಹಂಗಿಲ್ಲದೆ, ಕಚೇರಿಯ ಅನುಭವವಾದ ಮೇಲೆ ಅವನನ್ನು ಮತ್ತೆ ಓದಿದರೆ ಬೇರೆಯೇ ರುಚಿ.

ಲ್ಯಾಂಬನು ದುಡಿದ ಕಚೇರಿ ನಮಗೆ ಅಪರಿಚಿತವಾದುದಲ್ಲ. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಅದು. ಭಾರತದ ದೊಡ್ಡ ಭಾಗವನ್ನು ಆಳುತ್ತಿದ್ದವರು ಅಲ್ಲಿ ಕುಳಿತು ಪತ್ರಗಳಿಗೆ ರುಜು ಹಾಕುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ವಸ್ತುಗಳಲ್ಲಿ ಟಿಪ್ಪುವಿನ ಮರದ ಹುಲಿಯೂ ಒಂದು. ಬಿಳಿಯನೊಬ್ಬನನ್ನು ಕೆಡವಿ ಅವನ ಮೇಲೆ ಕುಳಿತಿರುವ ಆ ಹುಲಿಯ ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳಿಬರುತ್ತವೆ. 1808ರಿಂದ ಅದನ್ನು ಇದೇ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟರು. ನೋಡಲು ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದುದರಿಂದ ಅಲ್ಲಿ ಓದಲು ಕುಳಿತವರಿಗೆ ದೊಡ್ಡ ಉಪದ್ರವವಾಗಿತ್ತಂತೆ. ನಮ್ಮ ನಾಡಿನ ಹುಲಿ ಗರ್ಜಿಸುತ್ತಿದ್ದ ಆ ಸೂರಿನಡಿಯಲ್ಲೇ ಲ್ಯಾಂಬನು ಲೆಕ್ಕ ಬರೆಯುತ್ತಿದ್ದ. ಚಹಾ ಎಷ್ಟು ಪೆಟ್ಟಿಗೆ, ನೀಲಿ ಎಷ್ಟು, ಬಟ್ಟೆ ಎಷ್ಟು ಮೂಟೆ, ಹರಾಜಿನಲ್ಲಿ ಯಾವುದಕ್ಕೆ ಏನು ಬೆಲೆ ಬಂತು, ಇದೇ ಅವನ ಕೆಲಸ.

ಅವನು ಹುಟ್ಟಿದ್ದು 1775ರಲ್ಲಿ. ತಂದೆ ಒಬ್ಬ ವಕೀಲರ ಬಳಿ ಗುಮಾಸ್ತನೂ ಸೇವಕನೂ ಆಗಿದ್ದವನು. ಕವಿ ಕೋಲ್‌ರಿಜ್ ಶಾಲೆಯ ಗೆಳೆಯ. ಕೋಲ್‌ರಿಜ್ ಕೇಂಬ್ರಿಜ್ಜಿಗೆ ಹೋದ. ತೊದಲು ಮಾತಿನ ಲ್ಯಾಂಬನಿಗೆ ಆ ದಾರಿ ತೆರೆಯಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, 1792ರ ಏಪ್ರಿಲ್‌ನಲ್ಲಿ, ಹದಿನೇಳು ವರ್ಷದ ಹುಡುಗನಾಗಿದ್ದಾಗ, ಕಂಪನಿಯ ಲೆಕ್ಕಪತ್ರ ಶಾಖೆಯನ್ನು ಸೇರಿದ. ಮೊದಲ ಮೂರು ವರ್ಷ ಸಂಬಳವೆಂಬುದೇ ಇರಲಿಲ್ಲ. ಅಲ್ಪಸ್ವಲ್ಪ ಭತ್ಯದ ಮೇಲೆ ಉಮೇದುವಾರಿ. ಅದೇ ವರ್ಷ ತಂದೆಯ ಯಜಮಾನರು ತೀರಿಕೊಂಡು ಮನೆಯ ಆಧಾರವೇ ತಪ್ಪಿತು.

ಈಗ ಅವನ ಅಕ್ಕನ ಮಾತು ಹೇಳಬೇಕು. ಮೇರಿ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಹೊಲಿಗೆಯಿಂದ ಸಂಪಾದನೆ ಮಾಡುತ್ತಿದ್ದಳು. ಹಗಲೆಲ್ಲ ಸೂಜಿ ದಾರ, ರಾತ್ರಿ ಕೈಲಾಗದ ತಾಯಿಯ ಶುಶ್ರೂಷೆ, ಜೊತೆಗೆ ಬುದ್ಧಿ ಮಂಕಾದ ಮುದಿ ತಂದೆಯ ಆರೈಕೆ. 1796ರ ಸೆಪ್ಟೆಂಬರ್ 22ರಂದು, ಅಡಿಗೆಯ ಸಿದ್ಧತೆ ನಡೆದಿದ್ದಾಗ, ಆಕೆಗೆ ಬುದ್ಧಿ ಕದಡಿತು. ಮೇಜಿನ ಮೇಲಿದ್ದ ಚೂರಿಯಿಂದ ತಾಯಿಯನ್ನೇ ಇರಿದುಬಿಟ್ಟಳು. ಲ್ಯಾಂಬನು ಚೂರಿ ಕಸಿದುಕೊಳ್ಳುವ ಹೊತ್ತಿಗೆ ತಾಯಿಯ ಪ್ರಾಣ ಹೋಗಿತ್ತು. ಆಕೆಗೆ ಹಿಂದೆಯೂ ಒಮ್ಮೆ ಚಿತ್ತಭ್ರಮೆಯಾಗಿತ್ತೆಂದೂ ಅತಿಯಾದ ಕೆಲಸದ ಬಳಲಿಕೆಯೇ ಅದಕ್ಕೆ ಕಾರಣವೆಂದೂ ನಾಲ್ಕು ದಿನಗಳ ಮೇಲೆ ಒಂದು ಲಂಡನ್ ಪತ್ರಿಕೆ ಬರೆಯಿತು. ರೋಗಕ್ಕೆ ಬೇರೆ ಬೇರುಗಳೂ ಇದ್ದಿರಬೇಕು. ಅದರ ಹಿಂದಿನ ಚಳಿಗಾಲದಲ್ಲಿ ಲ್ಯಾಂಬನೇ ಆರು ವಾರ ಚಿತ್ತರೋಗಿಗಳ ಆಸ್ಪತ್ರೆಯಲ್ಲಿದ್ದು ಬಂದಿದ್ದ. ಆದರೂ ದುಡಿಮೆಯ ಭಾರ ಮನಸ್ಸನ್ನು ಮುರಿಯಬಲ್ಲುದೆಂಬ ತಿಳಿವಳಿಕೆ ಆ ಕಾಲದ ಜನಕ್ಕೂ ಇತ್ತೆಂಬುದು ಗಮನಿಸತಕ್ಕದ್ದು.

ನ್ಯಾಯ ವಿಚಾರಣೆಯಲ್ಲಿ ಮೇರಿಯನ್ನು ಬುದ್ಧಿಭ್ರಮೆಗೊಳಗಾದವಳೆಂದು ತೀರ್ಮಾನಿಸಿದರು. ಅಣ್ಣನಾದವನು ಆಕೆ ಆಸ್ಪತ್ರೆಯಲ್ಲೇ ಇರಲಿ ಎಂದ. ಇಪ್ಪತ್ತೊಂದು ವರ್ಷದ ಲ್ಯಾಂಬನು ಒಪ್ಪಲಿಲ್ಲ. ತಾನು ನೋಡಿಕೊಳ್ಳುತ್ತೇನೆಂದು ಹೊಣೆ ಹೊತ್ತ. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಆಕೆಯನ್ನು ಮನೆಗೆ ಕರೆತಂದ. ಮದುವೆಯಾಗಲಿಲ್ಲ. ಮೇರಿ ವರ್ಷದ ಬಹುಪಾಲು ನೆಟ್ಟಗಿರುತ್ತಿದ್ದಳು. ರೋಗ ಮರುಕಳಿಸುವ ಸೂಚನೆ ಕಂಡೊಡನೆ ಇಬ್ಬರೂ ಕೈ ಹಿಡಿದುಕೊಂಡು, ಅಳುತ್ತ, ಆಸ್ಪತ್ರೆಯತ್ತ ನಡೆದುಹೋಗುತ್ತಿದ್ದುದನ್ನು ಗೆಳೆಯನೊಬ್ಬ ಕಂಡಿದ್ದ. ಲ್ಯಾಂಬನು ಮೇಜನ್ನು ಬಿಟ್ಟೇಳಲಾರದೆ ಹೋದುದೇಕೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಕಚೇರಿಯ ಗೊತ್ತಾದ ವೇಳೆ ಹತ್ತರಿಂದ ನಾಲ್ಕು. ಇಷ್ಟೇಯೇ ಎಂದು ಇಂದಿನ ವಾಚಕರು ನಗಬಹುದು. ಆದರೆ ಕೆಲಸ ಹೆಚ್ಚಿದಾಗ ಸಂಜೆಯೂ ಅಲ್ಲಿಯೇ. ಅವನು ಸೇರಿದ ಹೊಸದರಲ್ಲಿ ಸಂತರ ಹೆಸರಿನ ಹಬ್ಬದ ರಜೆಗಳು ಸಾಕಷ್ಟಿದ್ದವು. ಅವು ಒಂದೊಂದಾಗಿ ಮಾಯವಾದವು. ಆ ಕೆಂಪಕ್ಷರದ ದಿನಗಳು ಹೋದುವಲ್ಲಾ ಎಂದು ಅವನು ಒಂದು ಪ್ರಬಂಧದಲ್ಲಿ ಅತ್ತೇ ಅತ್ತಿದ್ದಾನೆ. ಹಗಲಿನ ಚಿನ್ನದಂಥ ಹೊತ್ತೆಲ್ಲ ನಾಲ್ಕು ಗೋಡೆಯ ನಡುವೆ ಸವೆದುಹೋಗುತ್ತಿದೆಯೆಂದೂ, ಮೂವತ್ತು ವರ್ಷ ನೊಗ ಹೊತ್ತರೂ ಕತ್ತು ಒಗ್ಗಲಿಲ್ಲವೆಂದೂ 1822ರಲ್ಲಿ ಕವಿ ವರ್ಡ್ಸ್‌ವರ್ತ್‌ಗೆ ಬರೆದ.

ಕಚೇರಿಯೊಂದೇ ಅವನ ಹೊತ್ತನ್ನು ತಿಂದುದಲ್ಲ. ಸಂಬಳ ಸಾಲದಿದ್ದ ಕಾಲದಲ್ಲಿ ಪತ್ರಿಕೆಯೊಂದಕ್ಕೆ ನಗೆಮಾತು ಬರೆದುಕೊಡುವ ಕೆಲಸ ಹಿಡಿದಿದ್ದ. ಒಂದು ನಗೆಮಾತಿಗೆ ಆರು ಪೆನ್ಸ್. ಬೆಳಗಿನ ತಿಂಡಿಗೆ ಮೊದಲೇ ಎದ್ದು, ಕಣ್ಣುಜ್ಜಿಕೊಳ್ಳುತ್ತ, ದಿನಕ್ಕೆ ಇಂತಿಷ್ಟೆಂದು ನಗು ಉತ್ಪತ್ತಿ ಮಾಡಬೇಕು! ಈಜಿಪ್ಟಿನ ದಾಸರು ಇಟ್ಟಿಗೆ ಮಾಡಿದ್ದೂ ಇದಕ್ಕಿಂತ ಸುಲಭವೆಂಬಂತೆ ಅವನು ಅದನ್ನು ನೆನೆದುಕೊಂಡಿದ್ದಾನೆ. ಮುಂದೆ ಹೆಸರು ಬಂದ ಮೇಲೆ ಗೆಳೆಯರ ಕಾಟ. ಕಚೇರಿಗೂ ಬರುವರು, ಮನೆಗೂ ಬರುವರು. ಒಂಟಿಯಾಗಿ ಒಂದು ಹೊತ್ತು ಊಟಮಾಡುವ ಭಾಗ್ಯವೂ ತನಗಿಲ್ಲವೆಂದು 1818ರಲ್ಲಿ ಗೊಣಗಿದ. ಗೆಳೆಯರು ಎದ್ದು ಹೋದರೆ ಬೇಸರ, ಬಂದರೆ ತೊಂದರೆ. ಈ ಸಂಕಟ ನಮಗೂ ಗೊತ್ತಿರುವುದೇ.

ಹೀಗಿರುವಾಗಲೇ ಅವನ ಬರವಣಿಗೆ ನಡೆಯಿತು. ಮಕ್ಕಳಿಗಾಗಿ ಬರೆದ 'ಷೇಕ್ಸ್‌ಪಿಯರನ ಕಥೆಗಳು' 1807ರಲ್ಲಿ ಬಂದಿತು. ಅದರ ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕು ಮೇರಿಯವು, ಆರು ಮಾತ್ರ ತಮ್ಮನವು. ಆದರೂ ಮುಖಪುಟದಲ್ಲಿ ಅಚ್ಚಾದುದು ತಮ್ಮನ ಹೆಸರೊಂದೇ. 1820ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, 'ಈಲಿಯ'ನ ಪ್ರಬಂಧಗಳು ಮಾಸಪತ್ರಿಕೆಯೊಂದರಲ್ಲಿ ಆರಂಭವಾದವು, 1823ರಲ್ಲಿ ಪುಸ್ತಕವಾದವು. ಅವನನ್ನು ಅಮರನನ್ನಾಗಿಸಿದ ಪ್ರಬಂಧಗಳಲ್ಲಿ ಬಹುಪಾಲು ನಾಲ್ಕು ಗಂಟೆಯ ಮೇಲೆ, ದಣಿದ ಕೈಯಿಂದ ಬರೆದವು ಎಂಬುದು ಮರೆಯಬಾರದ ಮಾತು. ತನ್ನ ನಿಜವಾದ ಕೃತಿಗಳು ಅಚ್ಚಾದ ಪುಸ್ತಕಗಳಲ್ಲ, ಲೆಡನ್‌ಹಾಲ್ ಬೀದಿಯ ಕಪಾಟಿನಲ್ಲಿರುವ ದಪ್ಪ ದಪ್ಪ ಖಾತೆ ಪುಸ್ತಕಗಳು ಎಂದು ಅವನೇ ಹಾಸ್ಯಮಾಡಿಕೊಳ್ಳುತ್ತಿದ್ದ.

ಮೇರಿಯೂ ಈ ವಿಷಯದಲ್ಲಿ ಒಂದು ಮಾತು ಹೇಳಿದ್ದಾಳೆ; ಅದು ತಮ್ಮನ ಗೊಣಗಾಟಕ್ಕಿಂತ ಆಳವಾದದ್ದು. 1815ರಲ್ಲಿ ಮಹಿಳೆಯರ ಪತ್ರಿಕೆಯೊಂದಕ್ಕೆ, ಬೇರೆ ಹೆಸರಿನಲ್ಲಿ, ಹೊಲಿಗೆಯ ಮೇಲೆ ಒಂದು ಲೇಖನ ಬರೆದಳು. ಹನ್ನೊಂದು ವರ್ಷ ಸೂಜಿಯಿಂದ ಹೊಟ್ಟೆ ಹೊರೆದವಳ ಮಾತು ಅದು. ಗಂಡಸಿಗೆ ಕೆಲಸದ ಹೊತ್ತು ಬೇರೆ, ಬಿಡುವಿನ ಹೊತ್ತು ಬೇರೆ; ಮನೆಯ ಹೆಂಗಸಿಗೆ ಎರಡೂ ಒಂದರಲ್ಲೊಂದು ಕಲಸಿಹೋಗಿ, ಕೆಲಸವೂ ಕೆಲಸವೆನಿಸದು, ಬಿಡುವೂ ಬಿಡುವಾಗದು ಎಂಬುದು ಅದರ ತಾತ್ಪರ್ಯ. ಅನುಕೂಲಸ್ಥರ ಮನೆಯ ಹೆಂಗಸರು ಬಟ್ಟೆಯನ್ನು ತಾವೇ ಹೊಲಿದು ನಾಲ್ಕು ಕಾಸು ಉಳಿಸುವುದರಲ್ಲಿ ತಮ್ಮ ವೇಳೆಯನ್ನೂ ಕಳೆದುಕೊಳ್ಳುತ್ತಾರೆ, ಬಡ ಹೊಲಿಗೆಯವಳ ಅನ್ನವನ್ನೂ ಕಿತ್ತುಕೊಳ್ಳುತ್ತಾರೆ ಎಂದಳು. ಎರಡು ಶತಮಾನ ಕಳೆದ ಮೇಲೆ, ಕಂಪ್ಯೂಟರೂ ಕೈಫೋನೂ ಕಚೇರಿಯನ್ನು ಮನೆಯೊಳಕ್ಕೇ ತಂದಿಟ್ಟಿರುವಾಗ, ಮೇರಿ ಹೆಂಗಸರನ್ನು ಕುರಿತು ಹೇಳಿದ ಈ ಕಲಸುಮೇಲೋಗರ ಎಲ್ಲರ ಪಾಲಿಗೂ ಬಂದಿದೆ.

ಅತ್ತ ತಮ್ಮನಿಗೆ ಸ್ವಾರಸ್ಯವಾದ ಪರೀಕ್ಷೆಯೊಂದು ಒದಗಿತು. ಬರ್ನಾರ್ಡ್ ಬಾರ್ಟನ್ ಎಂಬ ಕವಿಮಿತ್ರ ಒಂದು ಊರಿನ ಬ್ಯಾಂಕಿನಲ್ಲಿ ಗುಮಾಸ್ತ. ಬ್ಯಾಂಕು ಬಿಟ್ಟು ಬರವಣಿಗೆಯಿಂದಲೇ ಬಾಳೋಣವೆಂದಿದ್ದೇನೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ. ಮೇಜನ್ನು ಶಪಿಸುವುದರಲ್ಲಿ ಅಗ್ರಗಣ್ಯನಾದ ಲ್ಯಾಂಬನು ಬಿಟ್ಟುಬಿಡಿ ಎಂದು ಹೇಳಬಹುದಾಗಿತ್ತು. 1823ರ ಜನವರಿಯಲ್ಲಿ ಅವನು ಕೊಟ್ಟ ಉತ್ತರವೇ ಬೇರೆ. ಪುಸ್ತಕ ವ್ಯಾಪಾರಿಗಳ ದಯೆಯನ್ನು ನಂಬಿ ಬದುಕುವುದಕ್ಕಿಂತ ಬಂಡೆಯ ತುದಿಯಿಂದ ಕೆಳಕ್ಕೆ ಧುಮುಕುವುದು ವಾಸಿ; ಬ್ಯಾಂಕನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ; ದಿನದಲ್ಲಿ ಉಳಿಯುವ ಸಂಜೆಯೇ ನಿಮ್ಮ ಆಸ್ತಿ ಎಂಬ ಧಾಟಿಯಲ್ಲಿ ಬರೆದ. ಮೇಜನ್ನು ತಾನು ಬಯ್ಯುವುದೆಲ್ಲ ಪ್ರಣಯಿಗಳ ಜಗಳವಿದ್ದಂತೆ, ಅದನ್ನು ಲೆಕ್ಕಕ್ಕಿಡಬಾರದು ಎಂದೂ ಸೇರಿಸಿದ. ಬಾರ್ಟನ್ ಬುದ್ಧಿವಾದ ಕೇಳಿದ. 1849ರಲ್ಲಿ ಸಾಯುವವರೆಗೂ ಅದೇ ಬ್ಯಾಂಕಿನಲ್ಲಿದ್ದ.

ಇಷ್ಟಾಗಿಯೂ ಎರಡು ವರ್ಷಗಳಲ್ಲಿ ಲ್ಯಾಂಬನೇ ಸೋತ. 1824-25ರ ಚಳಿಗಾಲದಲ್ಲಿ ದೇಹಸ್ಥಿತಿ ಕೆಟ್ಟಿತು. ನಿದ್ದೆಯಲ್ಲಿಯೂ ಲೆಕ್ಕ ತಪ್ಪಿದಂತೆ ಬೆಚ್ಚಿಬಿದ್ದು ಏಳುವ ಗುಮಾಸ್ತನೊಬ್ಬನನ್ನು ಅವನು ಮುಂದೆ ಪ್ರಬಂಧದಲ್ಲಿ ಚಿತ್ರಿಸಿದ್ದಾನೆ. ಆ ಗುಮಾಸ್ತ ಯಾರೆಂದು ಬೇರೆ ಹೇಳಬೇಕಾಗಿಲ್ಲ. ವೈದ್ಯರ ಪ್ರಮಾಣಪತ್ರಗಳೊಡನೆ ರಾಜೀನಾಮೆ ಕೊಟ್ಟು, ಕೆಲವು ವಾರ ತಲ್ಲಣದಿಂದ ಕಾದ. 1825ರ ಮಾರ್ಚ್ 29, ಮಂಗಳವಾರ, ಕಂಪನಿಯ ನಿರ್ದೇಶಕರು ರಾಜೀನಾಮೆಯನ್ನು ಒಪ್ಪಿದರು. ಮೂವತ್ತಮೂರು ವರ್ಷದ ನಿಷ್ಠೆಯ ಸೇವೆಗಾಗಿ, ವರ್ಷಕ್ಕೆ 730 ಪೌಂಡು ಪಡೆಯುತ್ತಿದ್ದವನಿಗೆ, 450 ಪೌಂಡಿನ ವಿಶ್ರಾಂತಿವೇತನ ಮಂಜೂರಾಯಿತು. ಅದರಲ್ಲಿ 9 ಪೌಂಡು ವಜಾ. ತಾನು ತೀರಿಕೊಂಡರೆ ಮೇರಿಗೆ ಜೀವನಾಂಶ ಸಿಗಲೆಂದು ಮಾಡಿದ ಏರ್ಪಾಡು ಅದು. ಕೈಗೆ ಬರುವುದು 441 ಪೌಂಡು. ಲ್ಯಾಂಬನಿಗೆ ಆಗ ಐವತ್ತು ವರ್ಷ.

ಮನೆಗೆ ಬಂದವನು ಗೆಳೆಯರಿಗೆಲ್ಲ ಪತ್ರ ಬರೆದ. ಎರಡೇ ತಿಂಗಳಲ್ಲಿ 'ವಿಶ್ರಾಂತ ಗುಮಾಸ್ತ'ನೆಂದು ಕರೆಯಬಹುದಾದ ಪ್ರಬಂಧವೂ ಅಚ್ಚಾಯಿತು. ಕಂಪನಿಯ ಬದಲು ಒಂದು ವ್ಯಾಪಾರದ ಅಂಗಡಿಯನ್ನಿಟ್ಟಿದ್ದಾನೆ, ಅಷ್ಟೇ ವ್ಯತ್ಯಾಸ. ಮೊದಲ ಒಂದೆರಡು ದಿನ ದಿಗ್ಭ್ರಮೆ. ದೀರ್ಘಕಾಲ ಸೆರೆಮನೆಯಲ್ಲಿದ್ದು ಥಟ್ಟನೆ ಹೊರಬಂದವನಂತೆ ತನ್ನನ್ನು ತಾನೇ ನಂಬಲಾರ. ಕೈಯಲ್ಲಿ ಇಷ್ಟೊಂದು ಕಾಲ! ಬಡವನಿಗೆ ನಿಧಿ ಸಿಕ್ಕಂತೆ. ಖರ್ಚು ಮಾಡುವುದು ಹೇಗೆಂದು ತಿಳಿಯದು. ಹಿಂದೆ ಪ್ರತಿ ವಾರಕ್ಕೂ ಅದರದೇ ಬಣ್ಣವಿತ್ತು. ಬುಧವಾರದ ಬೇಸರ ಬೇರೆ, ಶನಿವಾರ ರಾತ್ರಿಯ ಉಲ್ಲಾಸ ಬೇರೆ, ಭಾನುವಾರ ಸಂಜೆಯ ಕಳವಳ ಬೇರೆ. ಈಗ ಎಲ್ಲ ದಿನವೂ ಒಂದೇ. ಹಳೆಯ ಜಾಗಕ್ಕೆ ಹೋಗಿ ನೋಡಿದರೆ, ತನ್ನ ಮೇಜಿನಲ್ಲಿ ಮತ್ತೊಬ್ಬ. ತಾನು ಟೋಪಿ ತಗುಲಿಸುತ್ತಿದ್ದ ಗೂಟವೂ ಬೇರೆಯವನದು. ಜೊತೆಗಾರರನ್ನು ದುಡಿಮೆಯಲ್ಲೇ ಬಿಟ್ಟು ಬಂದೆನಲ್ಲಾ ಎಂದು ಒಳಗೊಂದು ಚುಚ್ಚು. ಆದರೆ ಪ್ರಬಂಧ ಮುಗಿಯುವುದು ನೆಮ್ಮದಿಯಲ್ಲಿಯೇ.

ಜೀವನ ಪ್ರಬಂಧದಷ್ಟು ಅಚ್ಚುಕಟ್ಟಾಗಿ ಮುಗಿಯಲಿಲ್ಲ. ಮರುವರ್ಷ, 1826ರಲ್ಲಿ, ಲ್ಯಾಂಬನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗತೊಡಗಿದ. ನಟ ಗ್ಯಾರಿಕ್ ಸಂಗ್ರಹಿಸಿದ್ದ ಹಳೆಯ ನಾಟಕಗಳು ಅಲ್ಲಿದ್ದವು. ನೂರಾರು ನಾಟಕಗಳನ್ನು ಓದಿ, ಮೆಚ್ಚಿದ ಭಾಗಗಳನ್ನು ಬರೆದುಕೊಂಡ. ಅವು 1827ರಲ್ಲಿ ವಿಲಿಯಂ ಹೋನ್ ಎಂಬಾತನ ಪತ್ರಿಕೆಯಲ್ಲಿ ಪ್ರಕಟವಾದವು. ಇದು ತನಗೊಂದು ಕಚೇರಿಯಿದ್ದಂತೆ ಎಂದು ಅವನೇ ಬಾರ್ಟನ್ನಿಗೆ ಬರೆದ. ವೇಳೆ ಎಷ್ಟೆಂದು ಬಲ್ಲಿರಾ? ಹತ್ತರಿಂದ ನಾಲ್ಕು! ಮೂವತ್ತಮೂರು ವರ್ಷ ಯಾವ ಗಂಟೆಗಳನ್ನು ಶಪಿಸಿದನೋ ಅವೇ ಗಂಟೆಗಳಿಗೆ, ಯಾರ ಬಲವಂತವೂ ಇಲ್ಲದೆ, ಮತ್ತೆ ನಡೆದು ಹೋದ. ಆದರೆ ಈ ಸಲ ಬರೆದುಕೊಂಡುದು ಚಹಾದ ಲೆಕ್ಕವನ್ನಲ್ಲ.

1827ರಲ್ಲಿ ಅಕ್ಕತಮ್ಮಂದಿರು ಲಂಡನ್ನಿನಿಂದಾಚೆ ಎನ್‌ಫೀಲ್ಡ್ ಎಂಬಲ್ಲಿಗೆ ಹೋದರು. ಬೀದಿಯ ಗದ್ದಲ, ಹಳೆಯ ಪುಸ್ತಕದ ಅಂಗಡಿ, ಸಂಜೆಯ ಇಸ್ಪೀಟಿನ ಆಟ, ಇವೇ ಉಸಿರಾಗಿದ್ದವನಿಗೆ ಹಳ್ಳಿಯ ಮೌನ ಭಾರವಾಯಿತು. ಮೇರಿಯ ರೋಗ ದೀರ್ಘವಾಗುತ್ತ ಬಂತು. 1829ರ ಜುಲೈ ತಿಂಗಳಲ್ಲಿ ಅವನು ಬಾರ್ಟನ್ನಿಗೆ ಬರೆದ ಪತ್ರ ಓದಿದರೆ ಮನಸ್ಸು ಕಲಕುತ್ತದೆ. ನಿಮಗೆ ಕೆಲಸ ಅತಿಯಾಯಿತೆಂದು ಮರುಗುತ್ತೇನೆ. ಆದರೆ ಏನೂ ಕೆಲಸವಿಲ್ಲದಿರುವುದು ಅದಕ್ಕಿಂತ ಕೇಡು, ಮನಸ್ಸು ತನ್ನನ್ನೇ ತಾನು ತಿನ್ನತೊಡಗುತ್ತದೆ ಎಂಬುದು ಆ ಮಾತಿನ ಸಾರ.

ಹಾಗಾದರೆ ಮೇಜೇ ಮೇಲೆಂದು ತೀರ್ಮಾನಿಸಬೇಕೇ? ಅಷ್ಟು ಸುಲಭವಲ್ಲ. ಅದೇ ಕಚೇರಿಯಲ್ಲಿ ಇನ್ನೊಬ್ಬನಿದ್ದ. 1823ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ ಕಂಪನಿ ಸೇರಿದ ಜಾನ್ ಸ್ಟೂಅರ್ಟ್ ಮಿಲ್. ಮೂರು ವರ್ಷದ ಮಗುವಾಗಿದ್ದಾಗಿನಿಂದ ಗ್ರೀಕ್ ಕಲಿತು, ಆಟವೆಂಬುದನ್ನರಿಯದೆ ಬೆಳೆದವನು. ಕಚೇರಿಯ ಕೆಲಸದ ಮೇಲೆ ಬೆಂಥಮನ ಐದು ಸಂಪುಟಗಳ ದೊಡ್ಡ ಗ್ರಂಥವನ್ನೂ ಸಂಪಾದಿಸಿದ. 1826ರ ಶರತ್ಕಾಲದಲ್ಲಿ, ಇಪ್ಪತ್ತನೆಯ ವಯಸ್ಸಿಗೆ, ಅವನ ಮನಸ್ಸು ಬರಿದಾಯಿತು. ಬಯಸಿದುದೆಲ್ಲ ಕೈಗೂಡಿದರೂ ಸಂತೋಷವಾಗದೆಂದು ತೋರಿತು. ಅವನು ಕೆಲಸ ಬಿಡಲಿಲ್ಲ. ಲ್ಯಾಂಬನ ಗೆಳೆಯ ವರ್ಡ್ಸ್‌ವರ್ತ್‌ನ ಕವಿತೆಗಳು ಅವನಿಗೆ ಔಷಧವಾದವು. ಮುಂದೆ ಕಚೇರಿಯ ಕೆಲಸವೇ ತನ್ನ ಬೌದ್ಧಿಕ ದುಡಿಮೆಗೆ ವಿರಾಮವೆಂದು ಹೇಳಿಕೊಂಡು 1858ರವರೆಗೂ ಅಲ್ಲಿದ್ದ. ಒಬ್ಬನಿಗೆ ಸೆರೆಯಾದುದು ಇನ್ನೊಬ್ಬನಿಗೆ ನೆರಳಾಯಿತು. ಮಿಲ್ಲನ ಹುದ್ದೆ ಮೇಲಿನದು, ಮನೆಯಲ್ಲಿ ಮೇರಿಯಿರಲಿಲ್ಲ ಎಂಬುದನ್ನೂ ತಕ್ಕಡಿಗೆ ಹಾಕಬೇಕು.

ಲ್ಯಾಂಬನ ಬಾಳಿನಿಂದ ನನಗೆ ಕಾಣುವುದು ಇಷ್ಟು. ಮಿತಿ ಮೀರಿದ ದುಡಿಮೆ ಮನುಷ್ಯನನ್ನು ಮುರಿಯುತ್ತದೆ; ಮೇರಿಯ ಕಥೆಯ ಮುಂದೆ ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಕೆಲಸ ಕಡಿಮೆಯಾಗಬೇಕು, ವೇಳೆ ನಮ್ಮದಾಗಬೇಕು ಎಂಬ ಬಯಕೆ ಸೋಮಾರಿತನವಲ್ಲ. ಆದರೆ ಬಿಡುವನ್ನೆಲ್ಲ ಮೂಟೆ ಕಟ್ಟಿ ಐವತ್ತು ಅರುವತ್ತನೆಯ ವರ್ಷಕ್ಕೆ ಮುಂದೂಡಿದರೆ, ಬಿಚ್ಚುವ ಹೊತ್ತಿಗೆ ಅದನ್ನು ಉಣ್ಣುವ ಶಕ್ತಿ ಉಡುಗಿರುತ್ತದೆ. ಲ್ಯಾಂಬನನ್ನು ಕಾಪಾಡಿದುದು 1825ರ ಮಾರ್ಚ್ ತಿಂಗಳೊಂದೇ ಅಲ್ಲ. ಅದಕ್ಕೆ ಮೊದಲು ಅವನು ಅಲ್ಲಿಷ್ಟು ಇಲ್ಲಿಷ್ಟು ಉಳಿಸಿಕೊಂಡ ಸಂಜೆಗಳು, ಗೆಳೆಯರು ಕೂಡುತ್ತಿದ್ದ ವಾರದ ಒಂದು ರಾತ್ರಿ, ಅಕ್ಕನ ಜೊತೆಯ ಓದು. ಆ ಸಂಜೆಗಳಲ್ಲಿಯೇ ಈಲಿಯ ಹುಟ್ಟಿದ.

ಲ್ಯಾಂಬನು 1834ರ ಡಿಸೆಂಬರ್ 27ರಂದು ತೀರಿಕೊಂಡ. ಕೆಲವು ದಿನ ಮೊದಲು, ಎಂದಿನಂತೆ ನಡೆದಾಡಲು ಹೋದಾಗ ಎಡವಿ ಬಿದ್ದು ಮುಖಕ್ಕಾದ ಗಾಯವೇ ನೆಪ. ಅವನು ಲೆಕ್ಕವಿಟ್ಟ ಚಹಾದ ವ್ಯಾಪಾರವನ್ನು ಕಂಪನಿಯೂ 1833ರ ಶಾಸನದಂತೆ ಅಷ್ಟರಲ್ಲಿಯೇ ಮುಚ್ಚಿಬಿಟ್ಟಿತ್ತು. ಮೇರಿ 1847ರವರೆಗೆ ಬದುಕಿದ್ದಳು. ಕಂಪನಿಯಿಂದ ಆಕೆಗೆ ವರ್ಷಾಶನ ತಪ್ಪದೆ ಬರುತ್ತಿತ್ತು. ಲೆಡನ್‌ಹಾಲ್ ಬೀದಿಯ ಆ ಕಟ್ಟಡ 1860ರ ದಶಕದ ಆರಂಭದಲ್ಲಿ ನೆಲಸಮವಾಯಿತು. ಅಲ್ಲೀಗ ಲಾಯ್ಡ್ಸ್ ವಿಮಾ ಸಂಸ್ಥೆಯ ಗಾಜು ಉಕ್ಕಿನ ಸೌಧವಿದೆ. ಅಲ್ಲಿಯೂ ಗಡಿಯಾರ ನೋಡುತ್ತ ಕುಳಿತವರು ಇದ್ದೇ ಇರಬೇಕು. ಹುಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ನಿವೃತ್ತನಾದ ಮೇಲೆ ಲ್ಯಾಂಬನು ಕಳೆದುಕೊಂಡುದರಲ್ಲಿ ಭಾನುವಾರವೂ ಒಂದು. ನಮಗೆ ಅದಿನ್ನೂ ಇದೆ. ಈ ಹಾಳೆಗಳನ್ನು ಮಡಿಸಿಟ್ಟ ಮೇಲೆ ಸಂಜೆಯವರೆಗೆ ಇನ್ನೂ ಕೆಲವು ಗಂಟೆಗಳಿವೆ. ನಾಳೆಯ ಕಡತ ನಾಳೆಗಿರಲಿ.